ಓದದೆ ಹಾಕಿದ ಸಹಿ

ಪ್ರೊಫೆಸರ್ ಭಾಲಚಂದ್ರ ಸರ್ ಅವರ ಈ ಅಭಿನಂದನ ಗ್ರಂಥದ ಮೊದಲ ಲೇಖನ ನಾನೇ ಬರೆಯಬೇಕೆಂದು ಸರ್ ಇಚ್ಛೆಪಟ್ಟರು. ಸಂಪಾದನೆಯ ಕೆಲಸವನ್ನೂ ನನಗೇ ವಹಿಸಿದರು. ಬರೀ ಹೊಗಳಿಕೆ ಬೇಡ, ಯಾರಾದರೂ ಒಬ್ಬ ಶಿಷ್ಯೆಯ ಬದುಕು ಹೇಳು, ಅದರೊಳಗೆ ಗುರು ಎಂಥವನಿದ್ದ ಎಂಬುದು ತಾನಾಗಿ ಕಾಣಲಿ ಎಂದು ದಾರಿಯನ್ನೂ ತೋರಿಸಿದರು. ಸಲಹೆ ಚೆನ್ನಾಗಿದೆ. ಅದನ್ನೇ ಪಾಲಿಸುತ್ತಿದ್ದೇನೆ.

ನಾನು ಆರಿಸಿಕೊಂಡ ಶಿಷ್ಯೆ ನಸ್ರೀನ, ಬೀದರಿನವಳು, ನನ್ನ ಗೆಳತಿ. ಅವಳು ತೀರಿಕೊಂಡು ಎರಡು ಮಳೆಗಾಲ ಕಳೆದವು. ಸಾಯುವಾಗ ಅವಳು ಒಂದು ಫೆಲೋಶಿಪ್ಪಿನ ಫಲಿತಾಂಶಕ್ಕೆ ಕಾಯುತ್ತಿದ್ದಳು. ಅದು ಅವಳಿಗೆ ಏಕೆ ಸಿಗಲಿಲ್ಲ ಎಂಬುದನ್ನು ಈ ಪುಸ್ತಕ ಕೈಗೆತ್ತಿಕೊಂಡ ಎಲ್ಲರೂ ತಿಳಿಯಬೇಕು. ಅಷ್ಟಕ್ಕಾಗಿಯೇ ಸಂಪಾದಕಿಯಾಗಲು ಒಪ್ಪಿಕೊಂಡೆ.

ನಸ್ರೀನಳ ತಂದೆ ಅಬ್ದುಲ ಸಮದ ಅವರಿಗೆ ಚೌಬಾರಾ ಗೋಪುರದಿಂದ ಸ್ವಲ್ಪ ಕೆಳಗೆ ಗಾದಿ ಹೊಲಿಯುವ ಅಂಗಡಿ ಇದೆ. ಅಂಗಡಿಯ ಹಿಂದೆಯೇ ಮನೆ. ಅರಳೆ ಬಡಿಯುವ ಹೊತ್ತಿಗೆ ಓಣಿಯ ತುಂಬ ಹತ್ತಿ ಹಾರುತ್ತದೆ. ಎಂ.ಎ. ತರಗತಿಗೆ ಅವಳು ಬಂದ ಮೊದಲ ದಿನ ಕಪ್ಪು ದುಪಟ್ಟಾದ ಮೇಲೆಲ್ಲ ಬಿಳಿ ಎಳೆಗಳು ಅಂಟಿಕೊಂಡಿದ್ದವು. ಹಿಂದಿನ ಬೆಂಚಿನ ಹುಡುಗರು ನಕ್ಕರು. ಅವಳು ತಿರುಗಿ ನಿಂತು ದುಪಟ್ಟಾ ಅವರ ಕಡೆಗೇ ಕೊಡವಿದಳು.

"ನಗ್ರಿ ನಗ್ರಿ. ನಿಮ್ಮ ಲಗ್ನದ ಗಾದಿ ನಮ್ಮ ಅಂಗಡ್ಯಾಗೇ ಹೊಲಸ್ತೀರಿ. ಅದರಾಗ ಹತ್ತಿ ತುಂಬಬೇಕೋ ಚಿಂದಿ ತುಂಬಬೇಕೋ ನಾ ನೋಡ್ಕೋತೇನಿ."

ಅಂದಿನಿಂದ ಅವಳ ಸುದ್ದಿಗೆ ಯಾರೂ ಹೋಗಲಿಲ್ಲ. ನಾನು ಭಾಲ್ಕಿ ತಾಲೂಕಿನ ಹಲಬರ್ಗಾದವಳು. ನನ್ನದು ಕನ್ನಡ, ಅವಳದು ಇತಿಹಾಸ. ಒಂದೇ ಕಟ್ಟಡ, ಒಂದೇ ಗ್ರಂಥಾಲಯ, ಮಧ್ಯಾಹ್ನ ಒಂದೇ ಮರದ ನೆರಳು. ನನ್ನ ಬುತ್ತಿಯ ರೊಟ್ಟಿ ಅವಳಿಗೆ, ಅವಳ ಡಬ್ಬಿಯ ಖಿಚಡಿ ನನಗೆ. ಪ್ರಮಿಲಾ ಎಂಬ ನನ್ನ ಹೆಸರು ಅವಳ ಬಾಯಲ್ಲಿ ಒಂದೇ ವಾರದಲ್ಲಿ ಪಮ್ಮಿ ಆಯಿತು. ಈಗ ಹಾಗೆ ಕರೆಯುವವರು ಯಾರೂ ಇಲ್ಲ.

ಅವಳಿಗೆ ಒಂದು ವಿದ್ಯೆಯಿತ್ತು. ನಿಜಾಮರ ಕಾಲದ ಕಚೇರಿಗಳ ಉರ್ದು ಕೈಬರಹ, ಅಕ್ಷರಕ್ಕೆ ಅಕ್ಷರ ಸುತ್ತಿಕೊಂಡು ಹರಿಯುವ ಆ ಬರಹವನ್ನು, ಅವಳು ಅಜ್ಜನ ಪಕ್ಕ ಕೂತು ಓದಲು ಕಲಿತಿದ್ದಳು. ಸರ್ ಇತಿಹಾಸದ ಪ್ರಾಧ್ಯಾಪಕರು, ನಮ್ಮ ಸ್ನಾತಕೋತ್ತರ ಕೇಂದ್ರದ ಮುಖ್ಯಸ್ಥರು. ಎರಡು ವರ್ಷ ಅವರ ಎದುರು ಮೊದಲ ಬೆಂಚಿನಲ್ಲಿ ಕೂತರೂ ಅವಳಿಗೆ ಈ ಓದು ಬರುತ್ತದೆ ಎಂಬುದು ಅವರಿಗೆ ಗೊತ್ತಾಗಲಿಲ್ಲ. ಗೊತ್ತಾಗಬೇಕಾದರೆ ಅವಳು ಬರೆದದ್ದನ್ನು ಅವರು ಒಮ್ಮೆಯಾದರೂ ಓದಬೇಕಿತ್ತು.

ಸರ್ ಓದುವುದಿಲ್ಲ. ಇದು ಅವರ ಶಿಷ್ಯರಿಗೆಲ್ಲ ಗೊತ್ತಿರುವ ಮಾತು. ನಾವೆಲ್ಲ ಅದನ್ನು ಅವರ ದೊಡ್ಡ ಗುಣವೆಂದೇ ತಿಳಿದಿದ್ದೆವು. ನಡತೆಯ ಪತ್ರ ಬೇಕೇ, ಶಿಫಾರಸು ಬೇಕೇ, ಪ್ರಬಂಧಕ್ಕೆ ಮಾರ್ಗದರ್ಶಕರ ಪ್ರಮಾಣಪತ್ರ ಬೇಕೇ, ಸರ್ ಅವರದು ಒಂದೇ ಉತ್ತರ: "ಬರಕೊಂಡು ಬಾ, ಸಹಿ ಮಾಡ್ತೇನಿ." ಬರೆದುಕೊಂಡು ಹೋದರೆ ಎಲ್ಲಿ ಎಂದು ಕೇಳಿ ಅಲ್ಲೇ ಸಹಿ. ಗೋಡೆಗೆ ಒತ್ತಿ ಹಿಡಿದು ಸಹಿ, ಮೋಟರ್ ಸೈಕಲ್ಲಿನ ಸೀಟಿನ ಮೇಲೆ ಸಹಿ. ಒಮ್ಮೆ ಒಬ್ಬ ಹುಡುಗ, ಓದಿ ನೋಡ್ರಿ ಸರ್ ಎಂದು ಬಾಯಿಬಿಟ್ಟು ಕೇಳಿದ. ಸರ್ ಅವನ ಬೆನ್ನು ತಟ್ಟಿ, ನನ್ನ ಹುಡುಗರ ಮೇಲೆ ನನಗೆ ಭರವಸೆ ಇದೆ, ಓದುವುದೇನಿದೆ ಎಂದರು. ನಾವು ಚಪ್ಪಾಳೆ ಹೊಡೆದೆವು. ಬೇರೆ ಪ್ರಾಧ್ಯಾಪಕರು ಒಂದು ಸಹಿಗೆ ತಿಂಗಳುಗಟ್ಟಲೆ ಅಲೆದಾಡಿಸುತ್ತಿದ್ದ ಕಾಲದಲ್ಲಿ ನಮ್ಮ ಸರ್ ನಮಗೆ ದೇವರಂತೆ ಕಂಡಿದ್ದರು.

ಎಂ.ಎ. ಮುಗಿದ ಮೇಲೆ ನನಗೆ ಭಾಲ್ಕಿಯ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ನಸ್ರೀನ ಔರಾದದಲ್ಲಿ ಅತಿಥಿ ಉಪನ್ಯಾಸಕಿಯಾದಳು. ಬೆಳಿಗ್ಗೆ ಬೀದರಿನಿಂದ ಬಸ್ಸು, ಜನವಾಡ ದಾಟುವಷ್ಟರಲ್ಲಿ ಸೀಟು ಸಿಕ್ಕರೆ ಪುಣ್ಯ. ನಿಂತಲ್ಲೇ ಕಂಬಿ ಹಿಡಿದು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಪ್ರತಿ ಉತ್ತರದ ಪಕ್ಕ ಏನಾದರೂ ಬರೆಯುತ್ತಿದ್ದಳು. ತಪ್ಪು ಉತ್ತರಗಳ ಪಕ್ಕ ಹೆಚ್ಚು.

ಅವಳ ಸಂಶೋಧನೆ ಶುರುವಾದದ್ದು ಔರಾದ ತಾಲೂಕಿನ ಡಾಬಕಾದಲ್ಲಿ, ಒಂದು ದೇವರ ಜಗಲಿಯ ಮುಂದೆ. ಅವಳ ವಿದ್ಯಾರ್ಥಿನಿಯೊಬ್ಬಳು ಮನೆಗೆ ಊಟಕ್ಕೆ ಕರೆದಿದ್ದಳು. ಆ ಮನೆಯ ಅಜ್ಜಿ ಶೇವಂತಾಬಾಯಿ. ಜಗಲಿಯ ಮೇಲೆ ದೇವರ ಪಕ್ಕ, ಕಟ್ಟು ಹಾಕಿಸಿದ ಒಂದು ಹಳೆಯ ಉರ್ದು ಕಾಗದ. ಗಾಜಿನ ಮೇಲೆ ಮೂರು ತಲೆಮಾರಿನ ಅರಿಷಿಣ ಕುಂಕುಮ. ಅದು ನಮ್ಮ ಹೊಲದ ಪಟ್ಟಾ, ನಮ್ಮ ಅಜ್ಜಿಗೆ ಸರಕಾರ ಕೊಟ್ಟದ್ದು ಎಂದು ಶೇವಂತಾಬಾಯಿ ಹೆಮ್ಮೆಯಿಂದ ಹೇಳಿದರು. ನಸ್ರೀನ ಗಾಜು ಒರೆಸಿ ಓದಿದಳು. ಎರಡನೆಯ ಸಲ ಓದಿದಳು. ನಗು ತಡೆಯಲು ದುಪಟ್ಟಾದ ತುದಿ ಕಚ್ಚಿದಳಂತೆ.

"ಆಜೀ, ಇದು ಪಟ್ಟಾ ಅಲ್ರಿ. ಅರ್ಜಿ ಅದ. ನಿಮ್ಮ ಅಜ್ಜಿದೊಂದು ಎಮ್ಮಿ ಕಳುವಾಗಿತ್ತಂತ, ಹುಡುಕಿ ಕೊಡ್ರಿ ಅಂತ ಬರಸ್ಯಾರ."

ಶೇವಂತಾಬಾಯಿ ಎದ್ದು ಬಂದು ಗಾಜಿನೊಳಗೆ ಇಣುಕಿದರು. ಇಷ್ಟು ವರ್ಷ ಎಮ್ಮೆಯ ಫಿರ್ಯಾದಿಗೆ ಪೂಜೆ ಮಾಡಿದೆವೆಂದು ಬೇಸರಪಡುತ್ತಾರೆ ಎಂದು ನಸ್ರೀನ ಹೆದರಿದ್ದಳು. ಅವರು ಕೇಳಿದ್ದು ಬೇರೆ.

"ಮತ್ತ ಎಮ್ಮಿ ಸಿಕ್ತೇನು, ಪೋರಿ?"

ಸಿಕ್ಕಿತೋ ಇಲ್ಲವೋ ಆ ಕಾಗದದಲ್ಲಿ ಇರಲಿಲ್ಲ. ಉತ್ತರ ಬಂದ ಗುರುತು ಎಲ್ಲೂ ಇರಲಿಲ್ಲ. ಕದ್ದವನ ಹೆಸರೂ ಇರಲಿಲ್ಲ. 'ಊರಿನ ಒಬ್ಬ ಮನುಷ್ಯ' ಎಂದಷ್ಟೇ ಇತ್ತು. ಆಮೇಲೆ ನಸ್ರೀನ ಬೀದರ, ಭಾಲ್ಕಿ, ಔರಾದದ ಮನೆಗಳಲ್ಲಿ ಇಂಥ ಅರ್ಜಿಗಳನ್ನು ಹುಡುಕಿಕೊಂಡು ತಿರುಗಿದಳು. ಟ್ರಂಕಿನ ತಳದಿಂದ, ಜಂತಿಯ ಸಂದಿನಿಂದ, ಬಳೆಯ ಡಬ್ಬಿಯಿಂದ ತೆಗೆದು ಜನ ಕೊಟ್ಟರು. ಹೆಂಗಸರು ಬರೆಸಿದ ಅರ್ಜಿಗಳೇ ಅವಳಿಗೆ ಬೇಕಾಗಿದ್ದವು. ಬಾವಿಯ ನೀರು ಬಿಡುತ್ತಿಲ್ಲ, ಮೈದುನ ಮನೆ ಬಿಡಿಸಿದ, ಮಗನನ್ನು ಕೂಲಿಯಿಲ್ಲದ ಬೇಗಾರಿಗೆ ಎಳೆದೊಯ್ದರು. ಒಂದು ಸಂಗತಿ ಅವಳನ್ನು ಕಾಡಿತು: ಅನ್ಯಾಯ ಮಾಡಿದವನ ಹೆಸರು ಎಲ್ಲಿಯೂ ಇಲ್ಲ. ಒಬ್ಬ ಮನುಷ್ಯ, ಒಬ್ಬ ದೊಡ್ಡವರು, ಊರಿನ ಹಿರಿಯರು. ಹೆಸರು ಹೇಳಿದರೆ ಊರಲ್ಲಿ ಬಾಳಬೇಕಲ್ಲ. ಹೆಸರಿಲ್ಲದ ಅರ್ಜಿಯನ್ನು ಕಚೇರಿ ಬದಿಗಿಡುತ್ತಿತ್ತು. ಅರ್ಜಿ ಕೊಟ್ಟವಳು ಕಾಯುತ್ತಿದ್ದಳು. ಹೀಗೆ ಕಾಯುವುದರದೇ ಒಂದು ಇತಿಹಾಸ ಬರೆಯಬೇಕೆಂದು ನಸ್ರೀನ ಹೊರಟಳು.

ದೂರದ ಒಂದು ವಿಶ್ವವಿದ್ಯಾಲಯದಲ್ಲಿ ಇಂಥ ಕೆಲಸಕ್ಕೆ ಸಂಶೋಧನಾ ಫೆಲೋಶಿಪ್ ಇತ್ತು. ಅದರ ಹೆಸರು ಇಲ್ಲಿ ಬೇಡ, ಅದರ ತಪ್ಪೇನೂ ಇಲ್ಲ. ಪೂರ್ತಿ ನಾಲ್ಕು ವರ್ಷ ಓದು, ಇರಲು ಜಾಗ, ಹಳೆಯ ಕಾಗದಗಳನ್ನು ಹುಡುಕಿಕೊಂಡು ಹೋಗಲು ವ್ಯವಸ್ಥೆ. ಆದರೆ ವಯಸ್ಸಿನ ಮಿತಿಯಿತ್ತು. ನಸ್ರೀನಳಿಗೆ ಅದೇ ಕೊನೆಯ ವರ್ಷ. ಚಳಿಗಾಲದಲ್ಲಿ ಅವಳು ಕಳಿಸಿದ ಬರಹ ಮೊದಲ ಸುತ್ತಿನಲ್ಲಿ ಆಯ್ಕೆಯಾಯಿತು. ಇನ್ನುಳಿದದ್ದು ಒಂದೇ: ಅವಳಿಗೆ ಪಾಠ ಹೇಳಿದ ಪ್ರಾಧ್ಯಾಪಕರ ಶಿಫಾರಸು ಪತ್ರ. ಅದನ್ನು ಅವರೇ ನೇರವಾಗಿ ಕಳಿಸಬೇಕು. ಅದು ಬಂದ ಮೇಲೆಯೇ ಕೊನೆಯ ತೀರ್ಮಾನ.

ಸರ್ ಎಂದಿನಂತೆ ಬರಕೊಂಡು ಬಾ ಎಂದರು. ನಾನು ಭಾನುವಾರ ಬೀದರಿಗೆ ಹೋದೆ. ಅಂಗಡಿಯಲ್ಲಿ ಹೊಲಿದಿಟ್ಟ ಗಾದಿಯ ಮೇಲೆ ಕೂತು ಇಬ್ಬರೂ ಆ ಪತ್ರ ಬರೆದೆವು. ಅವಳು ಸರ್ ಅವರಂತೆ ಗಂಟಲು ಸರಿಮಾಡಿಕೊಂಡು, ಕನ್ನಡಕ ಮೂಗಿನ ತುದಿಗೆ ಇಳಿಸಿದಂತೆ ಮಾಡಿ, ತನ್ನ ಬಗ್ಗೆ ತಾನೇ ಹೇಳುತ್ತಿದ್ದಳು, ನಾನು ಬರೆಯುತ್ತಿದ್ದೆ. ಅವಳ ತಾಯಿ ಖುರ್ಷಿದ ಬೇಗಂ ಚಹಾ ತಂದವರು ನಕ್ಕು ನಕ್ಕು ಬಾಗಿಲಲ್ಲೇ ಕೂತರು. 'ಇಷ್ಟು ವರ್ಷಗಳ ಅಧ್ಯಾಪನದಲ್ಲಿ ಇಂಥ ವಿದ್ಯಾರ್ಥಿನಿಯನ್ನು ನಾನು ಕಂಡಿಲ್ಲ' ಎಂದು ನಾನು ಬರೆದೆ. ಹೊಡೆದು ಹಾಕುತ್ತಾಳೆ ಅಂದುಕೊಂಡಿದ್ದೆ.

"ಇರಲಿ ಬಿಡು ಪಮ್ಮಿ," ಅಂದಳು. "ಇದೊಂದು ಮಾತು ಖರೇ ಅದ. ಅವರು ನನ್ನ ಕಂಡೇ ಇಲ್ಲ."

ಮರುದಿನ ಸರ್ ಕಾರಿನ ಬಾನೆಟ್ಟಿನ ಮೇಲಿಟ್ಟು ಸಹಿ ಮಾಡಿದರು. ಯಾವುದೋ ಉದ್ಘಾಟನೆಗೆ ಹೊರಟಿದ್ದರು. ಕಚೇರಿಯಿಂದ ಶಿಕ್ಕಾ ಹೊಡೆಸಿ ತರಿಸಿ, ಲಕೋಟೆಯಲ್ಲಿ ಹಾಕಿ ಅಂಟಿಸಿ ಅವಳ ಕೈಗೆ ಕೊಟ್ಟರು. ಇದು ಕೈಯಲ್ಲಿ ಒಯ್ಯುವ ಪತ್ರವಲ್ಲ, ನಿಮ್ಮ ಮೇಲ್‌ಗೆ ಅವರದೊಂದು ಲಿಂಕ್ ಬಂದಿರುತ್ತದೆ, ಇದರ ಸ್ಕ್ಯಾನ್ ಪ್ರತಿ ನಿಮ್ಮ ಫೋನಿಗೆ ಕಳಿಸುತ್ತೇನೆ, ಲಿಂಕ್ ತೆರೆದು ನೀವೇ ಅದನ್ನು ಹಾಕಬೇಕು ಎಂದು ಅವಳು ಬಿಡಿಸಿ ಹೇಳಿದಳು. ಸರ್ ನೋಡ್ತೇನಿ ಎಂದು ಕಾರು ಹತ್ತಿದರು.

ಹಾಕಲು ಬೇಕಾದದ್ದು ಒಂದು ನಿಮಿಷ. ಅದಕ್ಕೂ ಮೊದಲು ಬಂದ ಮೇಲ್ ಓದಬೇಕು, ಅಷ್ಟೇ.

ಅರ್ಜಿದಾರರು ತಮ್ಮ ಅರ್ಜಿ ಎಲ್ಲಿಗೆ ಬಂತೆಂದು ನೋಡಲು ಒಂದು ಪುಟವಿತ್ತು. ಅವಳು ಬಸ್ಸಿನಲ್ಲಿ, ಸ್ಟಾಫ್ ರೂಮಿನಲ್ಲಿ, ಅಂಗಡಿಯ ಹೊಸ್ತಿಲಲ್ಲಿ ಅದನ್ನು ತೆರೆಯುತ್ತಿದ್ದಳು. ಪತ್ರ ಬಂದಿಲ್ಲ. ಸರ್ ಅವರಿಗೆ ಫೋನು ಮಾಡಿದಳು. ನೋಡ್ತೇನಿ. ಕೇಂದ್ರಕ್ಕೆ ಹೋದಳು. ನೋಡ್ತೇನಿ. ನಾನು ಭಾಲ್ಕಿಯಿಂದ ಫೋನು ಮಾಡಿದೆ. ನನ್ನ ಆರೋಗ್ಯ, ನನ್ನ ಅಪ್ಪನ ಆರೋಗ್ಯ ಎಲ್ಲ ವಿಚಾರಿಸಿ, ಆ ಹುಡುಗಿ ಸುಮ್ಮನೆ ಗಾಬರಿ ಮಾಡಿಕೊಳ್ಳುತ್ತಾಳೆ ಎಂದರು.

ಊರಿನಲ್ಲಿ ಇದಕ್ಕೆ ಬೇರೆ ಉಪಾಯವಿತ್ತು. ಅವಳ ಓಣಿಯಲ್ಲೇ ಆನ್‌ಲೈನ್ ಸೆಂಟರ್ ಇಟ್ಟಿದ್ದ ಒವೈಸ ಅದನ್ನು ಹೇಳಿದ.

"ಆಪಾ, ಸರ್ ಹೆಸರ್ಲೆ ಒಂದು ಮೇಲ್ ಐಡಿ ಮಾಡಿಬಿಡ್ರಿ. ಅಲ್ಲಿ ಅವರ ಐಡಿ ಬದಲು ಇದು ಕೊಡ್ರಿ. ನಾವೇ ಲಿಂಕ್ ತಗದು ನಾವೇ ಹಾಕ್ತೇವು. ಭಾಲಚಂದ್ರ ಸರ್ ಹೆಸರಿನ ಐಡಿ ನನ್ನ ಕಡೆನೇ ಮೂರು ಅವ. ಎಲ್ಲಾರೂ ಹಂಗೇ ಮಾಡ್ತಾರ್ರಿ."

ಸಹಿ ಸರ್ ಅವರದೇ, ಶಿಕ್ಕಾ ಅವರದೇ, ಅವರು ಕೊಟ್ಟ ಪತ್ರವೇ. ಇದರಲ್ಲಿ ಮೋಸವೇನಿದೆ ಎಂದು ನಾನೂ ಅವಳನ್ನು ಒತ್ತಾಯಿಸಿದೆ. ಅವಳು ಕೇಳಲಿಲ್ಲ. ಹಳೆಯ ಅರ್ಜಿಗಳ ಮೇಲಿನ ಯಾವ ಹೆಬ್ಬೆಟ್ಟು ನಿಜದ್ದು, ಯಾವುದನ್ನು ಇನ್ನಾರೋ ಒತ್ತಿದ್ದಾರೆ ಎಂದು ಭೂತಗನ್ನಡಿ ಹಿಡಿದು ದಿನಗಟ್ಟಲೆ ಕೂರುತ್ತಿದ್ದವಳು ಅವಳು.

"ನಾಳಿ ನನ್ನಂಥಾಕಿ ಯಾವಾಕಿರೆ ಬಂದು ಈ ಕಾಗದ ಓದಿದ್ರ, ಪಮ್ಮಿ? ಆಕಿಗೆ ನಾ ಏನ್ ಹೇಳ್ಲಿ?"

ಬೇರೆ ದಾರಿ ಕಾಣದೆ ಸರ್ ಅವರ ಮನೆಗೇ ಹೋದಳು. ಅವರು ಜಗುಲಿಯ ಮೇಲೆ ನಾಲ್ಕು ಜನರ ನಡುವೆ ಕೂತಿದ್ದರು. ಅವಳು ಗೇಟಿನ ಬಳಿ ನಿಂತು ನೆನಪಿಸಿದಳು. ಸರ್ ಸಿಟ್ಟಿಗೆದ್ದರು.

"ಸಹಿ ಕೊಟ್ಟೀನಿ, ಶಿಕ್ಕಾ ಹೊಡದೀನಿ. ಇನ್ನೂ ಯಾಕ ತೆಲಿ ತಿನ್ಲತ್ತೀ? ನಿಮ್ಮ ಮಂದಿಗೆ ಒಂದು ಕೊಟ್ರ ಇನ್ನೊಂದು ಬೇಕು."

ಅಲ್ಲಿಂದ ಬಸ್ ಸ್ಟ್ಯಾಂಡಿಗೆ ನಡೆಯುತ್ತಲೇ ನನಗೆ ಫೋನು ಮಾಡಿದಳು. ದನಿಯಲ್ಲಿ ನಗು ಇತ್ತು. ಎಂಥ ನಗು ಎಂದು ನನಗೆ ಗೊತ್ತು.

"ನಿಮ್ಮ ಮಂದಿ ಅಂದ್ರ ಯಾರಿರಬಹುದು, ಪಮ್ಮಿ? ಗಾದಿ ಹೊಲಿಯೋರೋ, ಅರ್ಜಿ ಬರಿಯೋರೋ?"

ಕೊನೆಯ ದಿನ ಸಂಜೆ ನಾನೇ ಸರ್ ಅವರಿಗೆ ಮತ್ತೆ ಫೋನು ಮಾಡಿದೆ. ಅವರ ಮಾತು ನನಗೆ ಅಕ್ಷರಕ್ಕೆ ಅಕ್ಷರ ನೆನಪಿದೆ: "ಈಗೇ ಕಳಿಸಿದೆ ನೋಡವಾ ಪ್ರಮಿಲಾ. ಚಿಂತಿ ಬಿಡ್ರಿ ಇಬ್ಬರೂ." ಅವಳಿಗೆ ತಿಳಿಸಿದೆ. ಅವಳು ಪುಟ ತೆರೆಯುವಷ್ಟರಲ್ಲಿ ಅದು ಮುಚ್ಚಿಹೋಗಿತ್ತು. ಪತ್ರ ಬಂತೋ ಇಲ್ಲವೋ ನೋಡಲು ಇನ್ನು ದಾರಿಯಿರಲಿಲ್ಲ. ಸರ್ ಸುಳ್ಳು ಹೇಳಲಾರರೆಂದು ಇಬ್ಬರೂ ನಂಬಿದೆವು.

ಆ ಬೇಸಿಗೆ ಅವಳು ಕಾಯುತ್ತ ಕಳೆದಳು. ಔರಾದದ ಬಿಸಿಲಿನಲ್ಲಿ ಖಾಲಿ ತರಗತಿಯಲ್ಲಿ ಕೂತು ಅರ್ಜಿಗಳ ನಕಲು ಮಾಡಿಕೊಂಡಳು. ಹೋಗುವಾಗ ಒಯ್ಯಲು ತಂದೆಯಿಂದ ಒಂದು ಸಣ್ಣ ಗಾದಿ ಹೊಲಿಸಿಕೊಂಡಳು. ಅಲ್ಲಿ ಗಾದಿ ಸಿಗುವುದಿಲ್ಲವೇ ಎಂದು ನಾನು ಕೇಳಿದರೆ, ಸಿಗುತ್ತದೆ, ಆದರೆ ಒಳಗೆ ಚಿಂದಿ ತುಂಬಿರುತ್ತಾರೆ ಎಂದಳು. ಫಲಿತಾಂಶ ತಡವಾಗುತ್ತಿದೆ ಎಂದು ನಾನು ಬೈದಾಗ ಅವಳು ಅಂದದ್ದು ಇದು: "ನನ್ನ ಸಂಶೋಧನಾ ಸುರು ಆಗ್ಯಾದಲ್ಲ. ಅರ್ಜಿ ಕೊಟ್ಟು ಹ್ಯಾಂಗ ಕೂಡ್ತಾರ ಅಂತ ಕೂತೇ ಕಲಿಲತ್ತೀನಿ."

ಮಳೆ ಹಿಡಿದ ದಿನಗಳಲ್ಲಿ ಅವಳಿಗೆ ಜ್ವರ ಬಂತು. ಡೆಂಗಿ. ರಕ್ತದಲ್ಲಿ ಪ್ಲೇಟ್‌ಲೆಟ್ ಕಣಗಳು ಇಳಿಯುತ್ತ ಹೋದವು. ಹೈದರಾಬಾದಿಗೆ ಒಯ್ಯುವಾಗ ಜಹೀರಾಬಾದ ದಾಟಿದ ಮೇಲೆ ಅಂಬ್ಯುಲೆನ್ಸ್ ಹಿಂದಕ್ಕೆ ತಿರುಗಿತು. ನಾನು ಭಾಲ್ಕಿಯಿಂದ ಬರುವಷ್ಟರಲ್ಲಿ ಮನೆಯ ತುಂಬ ಹೆಂಗಸರು, ಅಂಗಡಿಯ ತುಂಬ ಗಂಡಸರು. ಅಂಗಡಿಯ ಮೂಲೆಯಲ್ಲಿ ಸುರುಳಿ ಸುತ್ತಿದ ಆ ಸಣ್ಣ ಗಾದಿ ಇತ್ತು. ಇದರ ಬಗ್ಗೆ ಇನ್ನೂ ಬರೆಯಲು ನನ್ನಿಂದ ಆಗುವುದಿಲ್ಲ.

ಮೂರನೆಯ ದಿನ ಸರ್ ಬಂದರು. ಅಂಗಡಿಯಲ್ಲಿ ಗಾದಿಯ ಮೇಲೆ ಕೂತರು. ಅಬ್ದುಲ ಸಮದ ಅವರ ಹೆಗಲ ಮೇಲೆ ಕೈಯಿಟ್ಟು, "ನಾ ಪತ್ರ ಕೊಟ್ಟಿದ್ದೆ ಸಮದಭಾಯಿ. ಭಾಳ ಚಲೋ ಪತ್ರ. ಏನ್ ಮಾಡೋದು, ಹಣೇಬರ," ಎಂದರು. ಅಬ್ದುಲ ಸಮದ ಜೀವನಪೂರ್ತಿ ಸೂಜಿ ಹಿಡಿದ ತಮ್ಮ ಕೈಗಳಲ್ಲಿ ಸರ್ ಅವರ ಎರಡೂ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಆಗ ನನಗೂ ಸರ್ ಮೇಲೆ ಗೌರವವೇ ಇತ್ತು.

ಫಲಿತಾಂಶ ಬಂದದ್ದು ಅದಾದ ಎಷ್ಟೋ ದಿನಗಳ ಮೇಲೆ. ಅವಳ ಫೋನನ್ನು ಖುರ್ಷಿದ ಬೇಗಂ ಆರಲು ಬಿಟ್ಟಿರಲಿಲ್ಲ. ದಿನವೂ ಚಾರ್ಜಿಗೆ ಇಡುತ್ತಿದ್ದರು. ಏನೋ ಬಂದಿದೆ, ಓದಿ ಹೇಳು ಎಂದು ನನ್ನನ್ನು ಕರೆಸಿದರು. 'ಶಿಫಾರಸು ಪತ್ರ ಬಾರದ ಕಾರಣ ನಿಮ್ಮ ಅರ್ಜಿ ಅಪೂರ್ಣವಾಗಿದ್ದು, ಪರಿಗಣಿಸಲು ಸಾಧ್ಯವಾಗಲಿಲ್ಲ.' ಬರಹ ತಮಗೆ ಬಹಳ ಮೆಚ್ಚುಗೆಯಾಗಿತ್ತೆಂದು ಕೆಳಗೆ ಒಂದು ಸಾಲು. ಆ ತಾಯಿಗೆ ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಫೋನಿನ ಗಾಜನ್ನು ಸೆರಗಿನಿಂದ ಒರೆಸಿದರು.

"ಜಾನೇ ದೇ ಬೇಟಾ. ಭೂಲ ಗಯೇ ಹೋಂಗೆ," ಅಂದರು. ಬಿಟ್ಟುಬಿಡು ಮಗಳೇ, ಮರೆತಿರಬೇಕು. ಅಷ್ಟು ಹೇಳಿ ಚಹಾ ಇಡಲು ಎದ್ದರು.

ಅವರು ಕ್ಷಮಿಸಿದ್ದು ಅವರ ದೊಡ್ಡತನ. ನನ್ನ ಹತ್ತಿರ ಅದಿಲ್ಲ, ಬೇಕಾಗಿಯೂ ಇಲ್ಲ. ಆದರೂ ಬಹಳ ದಿನ 'ಮರೆತಿರಬೇಕು' ಎಂಬ ಅವರ ಮಾತನ್ನು ನಾನು ಹಿಡಿದುಕೊಂಡಿದ್ದೆ. ಮರೆವಿನ ಮೇಲೆ ಎಷ್ಟು ದಿನ ಸಿಟ್ಟು ಇಟ್ಟುಕೊಳ್ಳುವುದು ಎಂದುಕೊಂಡಿದ್ದೆ.

ಈ ವರ್ಷ ಸರ್ ನಿವೃತ್ತರಾದರು. ಗ್ರಂಥ ಸಮಿತಿಯಾಯಿತು. ಲೇಖನಗಳೆಲ್ಲ ತಮ್ಮ ಮೇಲ್‌ಗೆ ಬರುತ್ತವೆ, ನೀನೇ ತೆಗೆದುಕೋ ಎಂದು ಸರ್ ತಾವಾಗಿಯೇ ನನಗೆ ಪಾಸ್‌ವರ್ಡ್ ಕೊಟ್ಟರು. ನಾನು ಲೇಖನಗಳನ್ನು ಹುಡುಕಿ, ಸಿಗದೆ, ಹಳೆಯ ಮೇಲ್‌ಗಳತ್ತ ಹಿಂದೆ ಹಿಂದೆ ಹೋದೆ. ತೆರೆಯದ ಮೇಲ್‌ಗಳು ಕಪ್ಪು ದಪ್ಪ ಅಕ್ಷರದಲ್ಲಿರುತ್ತವೆ. ಎರಡು ವರ್ಷ ಹಿಂದಕ್ಕೆ ಹೋದಾಗ ಆ ವಿಶ್ವವಿದ್ಯಾಲಯದ ಹೆಸರು ಸಿಕ್ಕಿತು. ಲಿಂಕ್ ಕಳಿಸಿದ್ದು, ನೆನಪಿಸಿದ್ದು, ಮತ್ತೆ ನೆನಪಿಸಿದ್ದು, ಇಂದೇ ಕೊನೆಯ ದಿನ ಎಂದದ್ದು. ಎಲ್ಲವೂ ಕಪ್ಪಗಿದ್ದವು. ಅಂದು ಸಂಜೆ 'ಈಗೇ ಕಳಿಸಿದೆ' ಎಂದವರು ಮೇಲ್ ತೆರೆದೇ ಇರಲಿಲ್ಲ. ಅವುಗಳ ನಡುವೆ ನಸ್ರೀನಳದೂ ಒಂದಿತ್ತು: 'ಸರ್, ಮತ್ತೆ ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ.' ಇಷ್ಟು ಹೊರಗೆ ಕಾಣುತ್ತಿತ್ತು. ನಾನೂ ಅದನ್ನು ತೆರೆಯಲಿಲ್ಲ. ಅದು ಹಾಗೆಯೇ ಕಪ್ಪಗೆ ಅವರ ಮೇಲ್‌ನಲ್ಲಿ ಇರಲಿ.

ನಾನು ಲೇಖನ ಕೊಡಲು ತಡಮಾಡುತ್ತಿದ್ದೇನೆಂದು ಸರ್ ಒಂದು ದಿನ ಮನೆಗೆ ಕರೆಸಿದರು. ಅವರ ಮುಂದೆ ಲೇಖನಗಳ ಒಂದು ಕಟ್ಟು. ಯಾರೂ ಬರೆದು ಕೊಡುತ್ತಿಲ್ಲ, ನಿಮಗೆಲ್ಲ ಸಮಯ ಎಲ್ಲಿದೆ, ಅದಕ್ಕೆ ನಾನೇ ಬರೆದಿಟ್ಟಿದ್ದೇನೆ, ಶಿಷ್ಯರಿಗೆ ಹಂಚಿ ಸಹಿ ತಗೊಂಡು ಬಾ ಎಂದರು. ನನ್ನ ಪಾಲಿನದು ಎಲ್ಲಕ್ಕಿಂತ ಮೇಲಿತ್ತು. ಅದರ ಹೆಸರು 'ಗುರುವೆಂಬ ಹೆಮ್ಮರ'. ಮೂರನೆಯ ಪುಟದಲ್ಲಿ ಹೀಗಿತ್ತು: 'ಅಗಲಿದ ಗೆಳತಿ ನಸ್ರೀನಳಿಗಾಗಿ ಸರ್ ತಮ್ಮ ಕೈಯಾರೆ ಶಿಫಾರಸು ಪತ್ರ ಬರೆದು ಕಳಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಿದರಿ ಕಲೆಯ ಬಗ್ಗೆ ಅವಳು ಮಾಡಬೇಕೆಂದಿದ್ದ ಸಂಶೋಧನೆ ಅರ್ಧಕ್ಕೇ ನಿಂತಿತು.'

ಬಿದರಿ ಕಲೆ. ಅವಳು ಬೀದರಿನವಳೆಂದು ಅಷ್ಟು ಊಹಿಸಿದ್ದರು. ಸಹಿ ಮಾಡಿದ ಪತ್ರದ ಮೊದಲ ಸಾಲನ್ನಾದರೂ ಓದಿದ್ದರೆ ಅರ್ಜಿ ಎಂಬ ಪದ ಕಣ್ಣಿಗೆ ಬೀಳುತ್ತಿತ್ತು.

"ಇದು ಇರಲಿ ಬಿಡ್ರಿ ಸರ್," ಅಂದೆ. "ನಂದು ನಾನೇ ಬರೀತೇನಿ. ಪ್ರೂಫ್ ತರ್ತೇನಿ, ಓದಿ ಸಹಿ ಮಾಡ್ರಿ."

"ನೀ ಬರದೀ ಅಂದಮ್ಯಾಲ ಓದೋದೇನದವಾ," ಎಂದು ನಕ್ಕರು.

ಉಳಿದವರು ತಮ್ಮ ಪಾಲಿನ ಲೇಖನಕ್ಕೆ ಸಹಿ ಹಾಕಿದರು. ಮುಂದಿನ ಪುಟಗಳ ಲೇಖಕರೆಲ್ಲ ಒಂದೇ ಶೈಲಿಯಲ್ಲಿ ಬರೆಯುತ್ತಾರಲ್ಲ ಎಂದು ಓದುಗರಿಗೆ ಅನಿಸಿದರೆ ಆಶ್ಚರ್ಯಪಡಬೇಕಾಗಿಲ್ಲ.

ಬರೆಯುವ ಮೊದಲು ನಾನು ಡಾಬಕಾಕ್ಕೆ ಹೋಗಿದ್ದೆ. ನಸ್ರೀನ ಹೋದ ಸುದ್ದಿ ಶೇವಂತಾಬಾಯಿಯವರಿಗೆ ಮುಟ್ಟಿತ್ತು, ಉಳಿದದ್ದು ಗೊತ್ತಿರಲಿಲ್ಲ. ಕಾಗದ ಈಗಲೂ ಜಗಲಿಯ ಮೇಲಿದೆ, ಈಗಲೂ ಕುಂಕುಮ ಬೀಳುತ್ತದೆ. ಎಲ್ಲ ಕೇಳಿದ ಮೇಲೆ ಅವರು ಕೇಳಿದ್ದು ಆ ಮಾಸ್ತರನ ಹೆಸರು. ಒಬ್ಬ ದೊಡ್ಡವರು ಎಂದಷ್ಟೇ ಹೇಳಿದೆ.

"ಯಾಕ, ಅಂಜತೀ ಏನು?" ಅಂದರು. "ನಮ್ಮ ಅಜ್ಜಿನೂ ಅಂಜಿದ್ಳು. ಅದಕ್ಕೇ ಎಮ್ಮಿ ಬರಲಿಲ್ಲ. ಹೆಸರ ಬರಿ."

ಬರೆದಿದ್ದೇನೆ. ಒಬ್ಬ ಮನುಷ್ಯ ಅಲ್ಲ, ಒಬ್ಬ ಹಿರಿಯರು ಅಲ್ಲ. ಪ್ರೊಫೆಸರ್ ಭಾಲಚಂದ್ರ.

ಪ್ರೆಸ್ಸಿನ ಕರೀಮ ಸಾಬರಿಗೆ ತಾವು ಅಚ್ಚು ಹಾಕುವ ಎಲ್ಲವನ್ನೂ, ಲಗ್ನಪತ್ರಿಕೆಯನ್ನೂ ಓದುವ ಅಭ್ಯಾಸ. ಇದರ ಪ್ರೂಫ್ ತೆಗೆದವರು ಕನ್ನಡಕ ಹಣೆಗೇರಿಸಿ ನನ್ನ ಮುಖ ನೋಡಿದರು. ಪ್ರತಿ ಪುಟಕ್ಕೂ ಸರ್ ಅವರ ಸಹಿ ಇಲ್ಲದೆ ಅವರು ಮಷೀನ್ ಹಚ್ಚುವುದಿಲ್ಲ. ಹಾಗೆಂದು ಮೊದಲೇ ಮಾತಾಗಿದೆ.

"ಬಾಯಾರ, ಇದು ಅಚ್ಚಾಗ್ತದ ಅಂತೀರೇನ್ರಿ?"

"ಸರ್ ಸಹಿ ಮಾಡಿದ್ರ ಆಗ್ತದ್ರಿ."

"ಓದಿದ್ರ ಮಾಡೋದಿಲ್ರಿ ಅವರು."

"ಓದಿದ್ರ ನಾನೇ ಹರದು ಒಗೀತೇನ್ರಿ. ಒಂದ್ಸಲ ಓದಲಿ. ಆಕಿಗೂ ಅಷ್ಟೇ ಬೇಕಾಗಿತ್ತು."

ಕರೀಮ ಸಾಬರು ಕನ್ನಡಕ ಮತ್ತೆ ಕಣ್ಣಿಗೆ ಇಳಿಸಿದರು. ಇನ್ನೇನಾದರೂ ಸೇರಿಸುವುದಿದ್ದರೆ ಈಗಲೇ ಬರೆದುಕೊಡಿ ಎಂದು ಬೆಂಚು ತೋರಿಸಿದರು. ಈ ಕೊನೆಯ ಸಾಲುಗಳನ್ನು ಅಲ್ಲಿಯೇ ಕೂತು ಬರೆಯುತ್ತಿದ್ದೇನೆ.

ನಾಳೆ ಬೆಳಿಗ್ಗೆ ಪ್ರೂಫಿನ ಕಟ್ಟು ಹಿಡಿದು ಸರ್ ಅವರ ಮನೆಗೆ ಹೋಗುತ್ತೇನೆ. ಈ ಲೇಖನ ಎಲ್ಲಕ್ಕಿಂತ ಮೇಲಿರುತ್ತದೆ, ಅದರ ತಲೆಬರಹ ದಪ್ಪ ಅಕ್ಷರದಲ್ಲಿರುತ್ತದೆ. ನಡುವೆ ಎಲ್ಲೋ ಬಚ್ಚಿಟ್ಟು ಒಯ್ಯುವುದಿಲ್ಲ. ಓದ್ರಿ ಸರ್ ಎಂದು ಬಾಯಿಬಿಟ್ಟು ಕೇಳುತ್ತೇನೆ, ನಸ್ರೀನ ಗೇಟಿನ ಬಳಿ ನಿಂತು ಕೇಳಿದಂತೆ. ಓದಿದರೆ ಕರೀಮ ಸಾಬರಿಗೆ ಹೇಳಿದ ಮಾತಿಗೆ ನಾನು ತಪ್ಪುವುದಿಲ್ಲ. ಓದದಿದ್ದರೆ ಸಮಾರಂಭದ ದಿನ ರಂಗಮಂದಿರದ ಪ್ರತಿ ಕುರ್ಚಿಯ ಮೇಲೆ ಒಂದೊಂದು ಪ್ರತಿ ಇರುತ್ತದೆ. ವೇದಿಕೆಯ ಮೇಲೆ ಶಾಲು ಹೊದ್ದು ಸರ್ ಕೂತಿರುತ್ತಾರೆ. ಅಬ್ದುಲ ಸಮದ ಮತ್ತು ಖುರ್ಷಿದ ಬೇಗಂ ಅವರನ್ನು ನಾನು ಕರೆದಿಲ್ಲ. ಅವರು ಬಂದರೆ ಕ್ಷಮಿಸಿಬಿಡುತ್ತಾರೆ.

ಈಗ ನೀವು ಈ ಪುಟದಲ್ಲಿದ್ದೀರಿ. ತಲೆಯೆತ್ತಿ ಒಮ್ಮೆ ವೇದಿಕೆಯ ಕಡೆ ನೋಡಿ. ಅವರು ಓದಲಿಲ್ಲ.